ಬ್ರಷ್‌ನ ಬೆಲೆ ಬೇರೆ, ಖರ್ಚು ಬೇರೆ

ಹಂದಿ ಕೂದಲಿನ ಶೇವಿಂಗ್ ಬ್ರಷ್‌ಗೆ ₹900 ಕೊಟ್ಟಿದ್ದೆ. ಮೂರು ವರ್ಷ ಬಾಳಿತು. ಅದರ ಜಾಗಕ್ಕೆ ಬಂದ ಸಿಂಥೆಟಿಕ್ ಬ್ರಷ್‌ಗೆ ಕೊಟ್ಟದ್ದು ₹650. ಬರೀ ಬಿಲ್ಲು ನೋಡಿದರೆ ಉಳಿದದ್ದು ₹250. ಅಷ್ಟಕ್ಕೆ ಒಂದು ಅಂಕಣ ಬೇಕಾಗಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಕೈಗೆ ಬರುವ ವಸ್ತುವಿನ ಖರ್ಚು ಕೊಂಡ ದಿನಕ್ಕೆ ಮುಗಿಯುವುದಿಲ್ಲ. ಅದು ಎಷ್ಟು ಕ್ರೀಮ್ ಕುಡಿಯುತ್ತದೆ, ಎಷ್ಟು ಬಿಸಿನೀರು ಕೇಳುತ್ತದೆ, ಎಷ್ಟು ವರ್ಷಕ್ಕೆ ಕೂದಲು ಉದುರಿಸಿ ಕೈಕೊಡುತ್ತದೆ ಎಂಬುದನ್ನೆಲ್ಲ ಕೂಡಿಸಿ ನೋಡಬೇಕು.

ಹಳೆಯ ಬ್ರಷ್‌ನ ಬುಡ ಸಡಿಲವಾದಾಗ ನಮ್ಮ ಭಾವ ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನದ್ದನ್ನೇ ಕೊಳ್ಳಲು ಹೇಳಿದರು. "ನಾಲ್ಕು ಸಾವಿರ ಹೋದ್ರೆ ಹೋಗ್ಲಿ, ಒಂದ್ಸಲ ತಗೊಂಡ್ರೆ ಹತ್ತು ವರ್ಷ ಯೋಚ್ನೆ ಇಲ್ಲ" ಎಂಬುದು ಅವರ ಮಾತು. ಒಳ್ಳೆಯ ವಸ್ತುವಿಗೆ ಒಮ್ಮೆ ದುಡ್ಡು ಹಾಕಬೇಕು ಎಂಬ ಈ ಮಾತನ್ನು ನಾನೂ ಒಪ್ಪುತ್ತೇನೆ, ಪ್ರೆಷರ್ ಕುಕ್ಕರ್ ಕೊಳ್ಳುವಾಗ ಪಾಲಿಸಿದ್ದೇನೆ ಕೂಡ. ಆದರೂ ಕಾಗದ ತೆಗೆದು ಲೆಕ್ಕ ಹಾಕಿದೆ. ₹4,000 ಬ್ರಷ್ ಹತ್ತು ವರ್ಷ ಬಾಳಿದರೆ ವರ್ಷಕ್ಕೆ ₹400. ಹಂದಿ ಕೂದಲಿನದು ವರ್ಷಕ್ಕೆ ₹300. ಸಿಂಥೆಟಿಕ್ ಐದೇ ವರ್ಷ ಬಂದೀತು ಎಂದು ಹಿಡಿದರೂ ವರ್ಷಕ್ಕೆ ₹130. ಬ್ಯಾಡ್ಜರ್ ಬಿಟ್ಟು ಸಿಂಥೆಟಿಕ್ ಕೊಂಡರೆ ಕೈಯಲ್ಲಿ ಉಳಿಯುವ ₹3,350 ಅನ್ನು ಶೇ 7ರ ಚಕ್ರಬಡ್ಡಿಗೆ ಇಟ್ಟು, ಐದನೇ ವರ್ಷದ ಕೊನೆಗೆ ಇನ್ನೊಂದು ಬ್ರಷ್‌ಗೆಂದು ₹650 ತೆಗೆದರೂ, ಹತ್ತನೇ ವರ್ಷಕ್ಕೆ ಅದು ₹5,600 ದಾಟಿರುತ್ತದೆ. ಇಷ್ಟು ಹಣವನ್ನು ಬಚ್ಚಲುಮನೆಯ ಒದ್ದೆ ಗೂಡಿನಲ್ಲಿ, ಕೈಜಾರಿ ಬೀಳಬಹುದಾದ ಒಂದೇ ವಸ್ತುವಿನಲ್ಲಿ ಇಡಲು ನನ್ನ ಮನಸ್ಸು ಒಪ್ಪಲಿಲ್ಲ.

ಇನ್ನು ಕ್ರೀಮ್. ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಕಂಡದ್ದು ಇಲ್ಲೇ. ಹಂದಿ ಕೂದಲು ಸ್ವತಃ ನೀರು ಹೀರುತ್ತದೆ. ಬಳಸುವ ಮೊದಲು ನಾಲ್ಕೈದು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸದಿದ್ದರೆ ಅದು ನೊರೆಯ ನೀರನ್ನೇ ಎಳೆದುಕೊಳ್ಳುತ್ತದೆ. ಅರ್ಧ ಕೆನ್ನೆ ಮುಗಿಯುವಷ್ಟರಲ್ಲಿ ನೊರೆ ಒಣಗಿ, ಮತ್ತೆ ಟ್ಯೂಬ್ ಹಿಚುಕಬೇಕು. ಸಿಂಥೆಟಿಕ್ ಎಳೆ ನೀರು ಕುಡಿಯುವುದಿಲ್ಲ, ಎಳೆಗಳ ನಡುವಿನ ಸಂದಿಯಲ್ಲಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ನೆನೆಸುವ ಕೆಲಸವಿಲ್ಲ. ನಲ್ಲಿಯ ಕೆಳಗೆ ಹಿಡಿದು, ಚೆನ್ನಾಗಿ ಕೊಡವಿ, ಕಡಲೆಕಾಳಿನಷ್ಟು ಕ್ರೀಮ್ ಹಾಕಿದರೆ ಮುಖಕ್ಕೆಲ್ಲ ಸಾಲುವ ನೊರೆ ಬರುತ್ತದೆ. ಕೊಡವುವುದು ಮುಖ್ಯ, ನೀರು ಹೆಚ್ಚಾದರೆ ನೊರೆ ತೆಳ್ಳಗಾಗಿ ಕುತ್ತಿಗೆಗೆ ಇಳಿಯುತ್ತದೆ. ಕೂದಲಿನ ಬ್ರಷ್‌ನಿಂದ ಬದಲಾಗುವವರು ಹಳೆಯ ಅಳತೆಯಲ್ಲೇ ನೀರು, ಕ್ರೀಮ್ ಹಾಕಿ, ಇದು ಚೆನ್ನಾಗಿಲ್ಲ ಎಂದು ತೀರ್ಮಾನಿಸುವುದು ಇಲ್ಲಿಯೇ.

2025ರ ಸೆಪ್ಟೆಂಬರ್ 22ರಿಂದ ಶೇವಿಂಗ್ ಕ್ರೀಮ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಆ ಇಳಿಕೆ ಪೂರ್ತಿಯಾಗಿ ನಮಗೆ ಸಿಕ್ಕರೆ, ತೆರಿಗೆ ಸೇರಿ ₹100 ಇದ್ದ ಟ್ಯೂಬ್ ₹89ಕ್ಕೆ ಬರುತ್ತದೆ, ಅಂದರೆ ₹11 ಉಳಿತಾಯ. ಅದೇ ಟ್ಯೂಬಿನಲ್ಲಿ ಮೂರನೇ ಒಂದು ಪಾಲು ಕ್ರೀಮ್ ಉಳಿಸಿದರೆ ₹30 ಉಳಿಯುತ್ತದೆ. ನಮ್ಮ ಮನೆಗೆ ವರ್ಷಕ್ಕೆ ಆರು ಟ್ಯೂಬ್ ಬೇಕಾಗುತ್ತಿತ್ತು, ಈಗ ನಾಲ್ಕು ಸಾಕು: ₹178. ಇದಕ್ಕೆ ಬ್ರಷ್‌ನಲ್ಲೇ ಉಳಿಯುವ ₹170 ಸೇರಿಸಿದರೆ ವರ್ಷಕ್ಕೆ ₹348. ಸಣ್ಣ ಮೊತ್ತ, ನಿಜ. ಆದರೆ ಇದಕ್ಕಾಗಿ ಯಾವ ಸುಖವನ್ನೂ ಬಿಡಬೇಕಾಗಿಲ್ಲ, ಮತ್ತೆ ಮತ್ತೆ ನೆನಪಿಟ್ಟುಕೊಂಡು ಏನನ್ನೂ ಮಾಡಬೇಕಾಗಿಲ್ಲ. ಅಂಥ ಉಳಿತಾಯಗಳೇ ಮನೆಯಲ್ಲಿ ನಿಲ್ಲುತ್ತವೆ.

ನೀರಿನ ಗುಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರಿನಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುವ ಮನೆಯಾದರೆ ಗಡಸು ನೀರಿನ ಕಾಟ ಗೊತ್ತೇ ಇರುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಗುಟಾಗಿ ಬ್ರಷ್‌ನ ಬುಡದಲ್ಲಿ ಕೂರುತ್ತದೆ. ಕೂದಲು ಒರಟಾಗುತ್ತದೆ, ಮುರಿಯತೊಡಗುತ್ತದೆ. ಸಿಂಥೆಟಿಕ್‌ನಲ್ಲೂ ಅದು ಕೂರುತ್ತದೆ, ಆದರೆ ಸ್ವಲ್ಪ ವಿನೆಗರ್ ಬೆರೆಸಿದ ನೀರಿನಲ್ಲಿ ಅದ್ದಿ ತೊಳೆದರೆ ಬಿಟ್ಟುಹೋಗುತ್ತದೆ. ನಮ್ಮೂರು ತೀರ್ಥಹಳ್ಳಿಯಲ್ಲಿ ನೀರು ಮೆದು, ಅಲ್ಲಿನ ಸಮಸ್ಯೆ ಮಳೆ. ಆಷಾಢದಲ್ಲಿ ಬಟ್ಟೆಯೇ ಒಣಗದ ಮನೆಯಲ್ಲಿ ಹಂದಿ ಕೂದಲಿನ ಬ್ರಷ್ ಒಣಗುವುದುಂಟೇ? ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ. ಸಿಂಥೆಟಿಕ್ ಕೊಡವಿ ನಿಲ್ಲಿಸಿದರೆ ಬೇಗ ಒಣಗುತ್ತದೆ.

ನಮ್ಮ ಬೀದಿಯ ಸೆಲೂನಿನವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. "ಸಾರ್, ಕೂದಲಿಂದಾದ್ರೆ ಒಬ್ರಿಗೆ ಹಾಕಿ ತೊಳೆದಿಟ್ರೆ ಇನ್ನೊಬ್ರು ಬರೋ ಹೊತ್ಗೆ ಒಣಗೋದೇ ಇಲ್ಲ. ಇದಾದ್ರೆ ಡೆಟಾಲ್ ನೀರಲ್ಲಿ ಅದ್ದಿ ಕೊಡವಿದ್ರೆ ಮುಗೀತು" ಎಂದರು. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಗುವ ಬ್ರಷ್‌ನಲ್ಲಿ ಈ ಎಚ್ಚರ ಬೇಕೇ ಬೇಕು. ಬ್ರಷ್‌ನ ಕೂದಲಿನಿಂದಲೇ ರೋಗ ಬಂದದ್ದೂ ಉಂಟು: ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಮಾಡದ ಕುದುರೆ ಕೂದಲಿನ ಬ್ರಷ್‌ಗಳಿಂದ ಅಮೆರಿಕ, ಬ್ರಿಟನ್‌ಗಳಲ್ಲಿ ಸೈನಿಕರಿಗೂ ಜನಸಾಮಾನ್ಯರಿಗೂ ಆಂಥ್ರಾಕ್ಸ್ ತಗುಲಿತ್ತು. 1920ರಲ್ಲಿ ಬ್ರಿಟನ್ ಜಪಾನಿನಿಂದ ಬರುವ ಶೇವಿಂಗ್ ಬ್ರಷ್‌ಗಳನ್ನೇ ನಿಷೇಧಿಸಿತು. ಇಂದು ಆ ಭಯ ಬೇಕಿಲ್ಲ. ಆದರೆ ಕೂದಲನ್ನು ಶುದ್ಧಮಾಡಿ, ಉದ್ದ ನೋಡಿ ವಿಂಗಡಿಸಿ, ಕೈಯಿಂದ ಗುಚ್ಛ ಕಟ್ಟುವ ಕೂಲಿಯನ್ನು ಬೆಲೆಯಲ್ಲಿ ಕೊಡುವವರು ನಾವೇ. ಬ್ಯಾಡ್ಜರ್ ಕೂದಲು ಹೆಚ್ಚಾಗಿ ಬರುವುದು ಚೀನಾದಿಂದ, ಅದಕ್ಕಾಗಿ ಪ್ರಾಣಿಯನ್ನು ಕೊಲ್ಲುತ್ತಾರೆ. ಗಡ್ಡ ಹೆರೆಯಲು ಒಂದು ಜೀವ ಹೋಗುವುದು ನನಗೆ ಸಹಿಸಲಾಗದ ಸಂಗತಿ; ಬೆಲೆ ಸಮವಿದ್ದರೂ ನಾನು ಅದನ್ನು ಕೊಳ್ಳುತ್ತಿರಲಿಲ್ಲ. ಪೊಟ್ಟಣದ ಮೇಲೆ 'ಪ್ಯೂರ್ ಬ್ರಿಸಲ್' ಎಂದಿದ್ದರೆ ಸಾಮಾನ್ಯವಾಗಿ ಹಂದಿ ಕೂದಲು ಎಂದೇ ಅರ್ಥ. ಮನೆಯಲ್ಲಿ ಅದು ಬೇಡ ಎನ್ನುವವರು ಇಷ್ಟು ತಿಳಿದಿರಬೇಕು.

ಹಿರಿಯರಿಗೆ ಸಿಂಥೆಟಿಕ್ ಎಂದರೆ ಹಿಂದಿನ ನೈಲಾನ್ ಬ್ರಷ್ ನೆನಪಾಗುತ್ತದೆ, ಕೆನ್ನೆ ಕೆರೆಯುತ್ತಿದ್ದ ಆ ದಪ್ಪ ಎಳೆಗಳು. ನೈಲಾನ್ ಬ್ರಷ್ ಲೋಕಕ್ಕೆ ಬಂದದ್ದು 1938ರಲ್ಲಿ, ಅಮೆರಿಕದಲ್ಲಿ ಟೂತ್‌ಬ್ರಷ್ ಆಗಿ. ಈಗಿನ ಒಳ್ಳೆಯ ಶೇವಿಂಗ್ ಬ್ರಷ್‌ಗಳಲ್ಲಿ ಪಿಬಿಟಿ ಎಂಬ ಪಾಲಿಯೆಸ್ಟರ್ ಎಳೆ ಇರುತ್ತದೆ, ತುದಿಯನ್ನು ಕೂದಲಿನಂತೆ ಸಣ್ಣಗೆ ಮಾಡಿರುತ್ತಾರೆ. ಪ್ಲಾಸ್ಟಿಕ್ ಅಲ್ಲವೇ ಎಂದು ಮಗಳು ಕೇಳಿದಳು. ಹೌದು. ಆದ್ದರಿಂದಲೇ ಚೆನ್ನಾಗಿರುವ ಹಳೆಯ ಬ್ರಷ್ ಎಸೆದು ಹೊಸದು ತರಬೇಡಿ, ಅದು ತಾನಾಗಿ ಸೋಲುವವರೆಗೆ ಬಳಸಿ.

ಕೊಳ್ಳುವಾಗ ಅಂಗೈ ಮೇಲೆ ಒತ್ತಿ ನೋಡಿ: ತುದಿ ಚುಚ್ಚಬಾರದು, ಬಿಟ್ಟ ಕೂಡಲೇ ನೆಟ್ಟಗಾಗಬೇಕು. ಗುಚ್ಛದ ಬುಡ 24 ಮಿ.ಮೀ. ಆಸುಪಾಸಿನಲ್ಲಿದ್ದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಕುದಿಯುವ ನೀರು ಹಾಕಬೇಡಿ, ಬುಡದ ಅಂಟು ಸಡಿಲವಾಗುತ್ತದೆ. ₹1,500 ದಾಟಿದ ಮೇಲೆ ಕೊಡುವ ಹೆಚ್ಚಿನ ದುಡ್ಡು ಬಹುಪಾಲು ಹಿಡಿಗೆ ಮತ್ತು ಹೆಸರಿಗೆ ಹೋಗುತ್ತದೆ, ನೊರೆ ಅದರಿಂದ ಹೆಚ್ಚುವುದಿಲ್ಲ. ಹಳೆಯ ಬ್ರಷ್‌ನ ಮರದ ಅಥವಾ ಲೋಹದ ಹಿಡಿ ಗಟ್ಟಿಯಿದ್ದರೆ ಸಿಂಥೆಟಿಕ್ ಗುಚ್ಛ ಮಾತ್ರವೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹಳೆಯ ಕೂದಲು ಕಿತ್ತು, ಗುಳಿಯ ಅಗಲ ಅಳೆದು, ನೀರು ತಡೆಯುವ ಎಪಾಕ್ಸಿ ಅಂಟು ಹಾಕಿ ಕೂರಿಸಿ ಒಂದು ದಿನ ಬಿಟ್ಟರಾಯಿತು.