ಎರಡು ಫೂಟಿನ ಗೋಡೆಯೂ ಸ್ವೀಟ್ ಹೋಮ್ ತ್ರೀಡಿಯೂ

ಎಂಜಿನಿಯರಿಂಗ್‌ಗೆ ಸೇರಿದ ಮೇಲೆ ರಜೆಗೆ ಊರಿಗೆ ಹೋದರೆ ಯಾರಾದರೂ ಒಬ್ಬರು ಕೇಳೇ ಕೇಳ್ತಾರೆ: "ನಮ್ಮ ಮನಿ ಒಂದ್ ಪ್ಲ್ಯಾನ್ ಹಾಕಿಕೊಡಪಾ." ನೀವು ಸಿವಿಲ್ ಅಲ್ಲ, ಕಂಪ್ಯೂಟರ್ ಸೈನ್ಸ್ ಅಂದರೂ ಬಿಡಂಗಿಲ್ಲ. ಅದಕ್ಕೆ ಸ್ವೀಟ್ ಹೋಮ್ ತ್ರೀಡಿ ಒಳ್ಳೆಯ ಸಾಧನ. 2006ರಿಂದ ಇರುವ ಮುಕ್ತ ತಂತ್ರಾಂಶ, ಉಚಿತ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಆದರೆ ವಿಡಿಯೋ ಪಾಠಗಳು ಹೆಚ್ಚಾಗಿ ಖಾಲಿ ಸೈಟಿನ ಮೇಲೆ ತೆಳ್ಳನೆ ಗೋಡೆಯ ಹೊಸ ಮನೆ ಕಟ್ಟುವವರಿಗಾಗಿ ಇವೆ. ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಿ, ವಿಜಯಪುರದ ಹಳೇ ಓಣಿಗಳಲ್ಲಿ ನಮಗೆ ಸಿಗುವ ಕೆಲಸ ಬೇರೆ: ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಅದರಲ್ಲೇ ಒಂದು ಕೋಣೆ ಹೆಚ್ಚಿಸಬೇಕು, ಇಲ್ಲವೇ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬೇಕು. ಅಂಥ ಮನೆಗೆ ಈ ತಂತ್ರಾಂಶವನ್ನು ಹೇಗೆ ಒಗ್ಗಿಸಬೇಕು ಅನ್ನೋದನ್ನಷ್ಟೇ ಇಲ್ಲಿ ಹೇಳ್ತೀನಿ.

ಮೊದಲು ಅಳತೆಯ ಮಾತು. ಗೌಂಡಿ "ಹತ್ತೂ ಆರು" ಅಂದರೆ 10 ಫೂಟು 6 ಇಂಚು. ಪ್ರಿಫರೆನ್ಸಸ್‌ನಲ್ಲಿ ದಶಮಾಂಶ ಫೂಟು ಆರಿಸಿಕೊಂಡು 10.6 ಅಂತ ಹೊಡೆದರೆ ಅದು 10 ಫೂಟು 7 ಇಂಚಿಗೂ ಸ್ವಲ್ಪ ಹೆಚ್ಚೇ ಆಗುತ್ತದೆ. ಬರೆಯಬೇಕಾದದ್ದು 10.5. ಈ ಗೊಂದಲವೇ ಬೇಡ ಅಂದರೆ ಫೂಟು-ಇಂಚು ಎರಡನ್ನೂ ತೋರಿಸುವ ಘಟಕವನ್ನೇ ಆರಿಸಿರಿ. ಗೋಡೆಯ ದಪ್ಪವನ್ನೂ ಅಲ್ಲೇ ಬದಲಿಸಿರಿ, ಯಾಕಂದರೆ ಅದು ತಾನಾಗಿ ಕೊಡುವ ದಪ್ಪ ನಮ್ಮ ಹಳೇ ಗೋಡೆಗೆ ಹತ್ತಿರವೂ ಬರುವುದಿಲ್ಲ.

ಈಗ ಮುಖ್ಯ ವಿಷಯ. ಸ್ವೀಟ್ ಹೋಮ್‌ನಲ್ಲಿ ನೀವು ಎಳೆಯುವ ಗೆರೆ ಗೋಡೆಯ ನಟ್ಟನಡುವೆ ಹೋಗುತ್ತದೆ. ನಾವು ಟೇಪ್ ಹಿಡಿಯುವುದು ಮಾತ್ರ ಒಳಗಿನಿಂದ, ಗೋಡೆಯಿಂದ ಗೋಡೆಗೆ. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳೋದೇ ಇಲ್ಲ. ಎರಡು ಫೂಟಿನ ಗೋಡೆಯಲ್ಲಿ ಲೆಕ್ಕ ಹಾಕಿ ನೋಡ್ರಿ. ಒಳಗೆ 12 ಫೂಟು ಅಗಲ, 16 ಫೂಟು ಉದ್ದದ ಪಡಸಾಲೆ. ಅದೇ ಅಂಕಿಗಳನ್ನು ಹೊಡೆದರೆ ಪರದೆಯ ಮೇಲೆ ಒಳಗೆ ಉಳಿಯುವುದು 10 ಮತ್ತು 14. ಅಂದರೆ 192 ಚದರ ಫೂಟಿನ ಪಡಸಾಲೆ 140ಕ್ಕೆ ಇಳಿಯಿತು. ಪಾಲು ಮಾಡುವ ಮನೆಯಲ್ಲಿ 52 ಚದರ ಫೂಟು ಅಂದರೆ ಮಾತು ಜಗಳಕ್ಕೆ ಹೋಗುವಷ್ಟು ದೊಡ್ಡದು.

ಉಪಾಯ ಸರಳ. ಒಳ ಅಳತೆಗೆ ಎರಡೂ ತುದಿಯ ಗೋಡೆಗಳ ಅರ್ಧರ್ಧ ದಪ್ಪ ಸೇರಿಸಿರಿ. ಮೇಲಿನ ಪಡಸಾಲೆಗೆ 14 ಮತ್ತು 18. ಒಂದು ಕಡೆ ಎರಡು ಫೂಟು, ಇನ್ನೊಂದು ಕಡೆ ಒಂದೂವರೆ ಫೂಟಿನ ಗೋಡೆ ಇದ್ದರೆ 1 ಫೂಟು ಮತ್ತು 9 ಇಂಚು ಸೇರಿಸಬೇಕು. ಗೋಡೆ ಎಳೆಯುವಾಗ ಎಂಟರ್ ಒತ್ತಿದರೆ ಉದ್ದ, ಕೋನ, ದಪ್ಪ ಬರೆಯುವ ಖಾನೆಗಳು ಬರುತ್ತವೆ. ಮೌಸ್ ನಂಬಬೇಡಿ, ಅಲ್ಲೇ ಬರೆಯಿರಿ. ನಾಲ್ಕು ಗೋಡೆ ಮುಗಿದ ಮೇಲೆ ರೂಮ್ ಉಪಕರಣ ತಗೊಂಡು ನಡುವೆ ಡಬಲ್ ಕ್ಲಿಕ್ ಮಾಡಿದರೆ ಒಳಗಿನ ಕ್ಷೇತ್ರಫಲ ಬರುತ್ತದೆ. ಅದು 192ಕ್ಕೆ ಸರಿಹೊಂದಿದರೆ ಮುಂದೆ ಹೋಗಿರಿ.

ಸರಿಹೊಂದದಿದ್ದರೆ ಮೂಲೆ ಮೇಲೆ ಅನುಮಾನ ಪಡಿರಿ. ಹಳೇ ಮನೆಯ ಮೂಲೆಗಳು ಮೂಲೆಮಟ್ಟಕ್ಕೆ ಕೂಡುವುದು ಅಪರೂಪ. 12-16ರ ಕೋಣೆಯ ಕರ್ಣ ಸರಿಯಾಗಿ 20 ಫೂಟು ಇರಬೇಕು. ಟೇಪ್ 20 ಫೂಟು 4 ಇಂಚು ತೋರಿಸಿತು ಅಂದುಕೊಳ್ಳಿ. ಪಿಯುಸಿಯ ಕೊಸೈನ್ ನಿಯಮ ಹಚ್ಚಿದರೆ ಆ ಮೂಲೆ ಸುಮಾರು 92 ಡಿಗ್ರಿ. ತಂತ್ರಾಂಶ ಗೆರೆಯನ್ನು 15 ಡಿಗ್ರಿಯ ಹೆಜ್ಜೆಗಳಿಗೆ ಎಳೆದುಕೊಳ್ಳುವುದರಿಂದ ಬೇಕೋ ಬೇಡವೋ 90ಕ್ಕೇ ತಂದು ನಿಲ್ಲಿಸುತ್ತದೆ. ವಿಂಡೋಸ್‌ನಲ್ಲಿ ಆಲ್ಟ್ ಒತ್ತಿ ಹಿಡಿದರೆ ಆ ಎಳೆತ ನಿಲ್ಲುತ್ತದೆ, ಅಥವಾ ಕೋನದ ಖಾನೆಯಲ್ಲಿ 92 ಬರೆಯಬಹುದು. ಆದ್ದರಿಂದ ಪ್ರತಿ ಕೋಣೆಗೂ ನಾಲ್ಕು ಬದಿಯ ಜೊತೆ ಒಂದು ಕರ್ಣವನ್ನಾದರೂ ಅಳೆದುಕೊಂಡೇ ಬರ್ರಿ.

ಗೋಡೆಯೊಳಗಿನ ದೀಪದ ಗೂಡು, ಮಾಡಗಳಿಗೆ ನೇರ ಉಪಕರಣ ಇಲ್ಲ. ಎರಡು ಫೂಟಿನ ಒಂದು ಗೋಡೆಯ ಬದಲು ಒಂದಕ್ಕೊಂದು ಅಂಟಿದ ಒಂದೊಂದು ಫೂಟಿನ ಎರಡು ಗೋಡೆ ಎಳೆಯಿರಿ. ಒಳಗಿನದರಲ್ಲಿ ಮಾತ್ರ ಖಾಲಿ ಕಿಂಡಿ ಕೂರಿಸಿರಿ. ಕಿಂಡಿಯ ಆಳ ಹೊರಗೋಡೆಗೆ ತಾಗದಂತೆ ನೋಡಿಕೊಂಡರೆ ಆಯಿತು.

ಬಿಸಿಲಿಗೆ ಬರೋಣ. ಪ್ಲ್ಯಾನಿನ ಮೇಲಿರುವ ಕಂಪಾಸ್ ಅನ್ನು ಡಬಲ್ ಕ್ಲಿಕ್ ಮಾಡಿ, ಅಕ್ಷಾಂಶ 16.83, ರೇಖಾಂಶ 75.71 ತುಂಬಿರಿ. ಇದು ವಿಜಯಪುರದ್ದು, ತಿಕೋಟಾ-ಬಬಲೇಶ್ವರಕ್ಕೂ ನಡೆಯುತ್ತದೆ. ಮನೆಯ ಉತ್ತರ ದಿಕ್ಕನ್ನೂ ತಿರುಗಿಸಿ ಕೂರಿಸಿರಿ. ಆಮೇಲೆ ಫೋಟೋ ತೆಗೆಯುವಾಗ ದಿನಾಂಕ, ಸಮಯ ಬದಲಿಸಿ ನೋಡಿದರೆ ಮಜಾ ಇದೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೆ ಇರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಸುಮಾರು 50 ಡಿಗ್ರಿಗೆ ಇಳಿಯುತ್ತಾನೆ. ಏಪ್ರಿಲ್ ಸಂಜೆ 4 ಗಂಟೆಯ ಚಿತ್ರ ಒಂದು ತೆಗೆದು ಮನೆಯವರಿಗೆ ತೋರಿಸಿರಿ. ಪಶ್ಚಿಮದ ಕಿಟಕಿಗೆ ಎರಡು ಫೂಟಿನ ಸಜ್ಜೆ ಏನೂ ಸಾಲದು ಅನ್ನೋದು ಬಾಯಲ್ಲಿ ಹೇಳಿದ್ದಕ್ಕಿಂತ ಬೇಗ ತಿಳಿಯುತ್ತದೆ. ಫೋಟೋ ಗುಣಮಟ್ಟದಲ್ಲಿ ನಾಲ್ಕು ಹಂತಗಳಿವೆ. ಜೋಡಣೆ ನೋಡಿಕೊಳ್ಳೋದಕ್ಕೆ ಮೊದಲ ಎರಡು ಸಾಕು, ಆದರೆ ದಿನಾಂಕ-ಸಮಯದ ಬಿಸಿಲು ಕಾಣಲು ಮೇಲಿನ ಎರಡೇ ಬೇಕು, ಅವನ್ನು ರಾತ್ರಿ ಹಚ್ಚಿಟ್ಟು ಮಲಗೋದೇ ವಾಸಿ.

ಇನ್ನೊಂದು ಮಾತು, ಇದನ್ನು ಹಗುರಾಗಿ ತಗೋಬೇಡಿ. ಈ ತಂತ್ರಾಂಶಕ್ಕೆ ಭಾರ ಗೊತ್ತಿಲ್ಲ. ಎರಡು ಕೋಣೆ ಕೂಡಿಸಲು ನಡುವಿನ ಗೋಡೆಯನ್ನು ಡಿಲೀಟ್ ಒತ್ತಿ ತೆಗೆದರೆ ಅದು ಸುಮ್ಮನೆ ತೆಗೆಯುತ್ತದೆ, ಮಾಳಿಗೆ ಗಾಳಿಯಲ್ಲಿ ನಿಲ್ಲುತ್ತದೆ. ನಿಜವಾದ ಮನೆಯಲ್ಲಿ ಜಂತಿಗಳ ತುದಿ ಆ ಗೋಡೆಯ ಮೇಲೇ ಕೂತಿರಬಹುದು. ಹಾಗಾಗಿ ಅಳತೆಗೆ ಹೋದಾಗ ತಲೆ ಎತ್ತಿ ಜಂತಿ ಯಾವ ದಿಕ್ಕಿಗೆ ಓಡಿವೆ ನೋಡಿ, ಪಾಲಿಲೈನ್‌ನಿಂದ ಪ್ಲ್ಯಾನಿನ ಮೇಲೆ ಗೆರೆ ಹಾಕಿರಿ. ಗೆರೆ ಮುಟ್ಟುವ ಗೋಡೆಗಳಿಗೆ ಬೇರೆ ಪ್ಯಾಟರ್ನ್ ಕೊಡಿರಿ. ಆ ಗೋಡೆಗಳಿಗೆ ಕೈ ಹಾಕುವ ಮುಂಚೆ, ಅಥವಾ ಮಣ್ಣಿನಲ್ಲಿ ಕಟ್ಟಿದ ಗೋಡೆಯ ಮೇಲೆ ಇನ್ನೊಂದು ಅಂತಸ್ತು ಏರಿಸುವ ಮುಂಚೆ, ಸಿವಿಲ್ ಎಂಜಿನಿಯರ್ ಮನೆಗೇ ಬಂದು ನೋಡಬೇಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ಭೂಕಂಪದಲ್ಲಿ ಸಾವಿರಾರು ಜನ ಸತ್ತದ್ದು ಇಂಥವೇ ಕಲ್ಲು-ಮಣ್ಣಿನ ಗೋಡೆ, ಭಾರದ ಮಾಳಿಗೆಯ ಮನೆಗಳ ಕೆಳಗೆ.

ಕೊನೆಗೆ ಪ್ರಿಂಟ್. ಪೇಜ್ ಸೆಟಪ್‌ನಲ್ಲಿ ಅಳತೆ 1:50 ಇಟ್ಟರೆ ಎ4 ಹಾಳೆಯ ಅಡ್ಡಕ್ಕೆ, ಅಂಚು ಬಿಟ್ಟು, 40 ಫೂಟಿನ ಮನೆ ಆರಾಮಾಗಿ ಕೂರುತ್ತದೆ. ಅಳತೆಯ ಗೆರೆಗಳನ್ನು ಗೋಡೆಯ ಒಳಮುಖದಿಂದ ಒಳಮುಖಕ್ಕೆ ಎಳೆಯಿರಿ, ಗೋಡೆಯ ದಪ್ಪವನ್ನು ಬೇರೆಯಾಗಿ ಬರೆಯಿರಿ. ಗೌಂಡಿ ಆ ಹಾಳೆ ಹಿಡಕೊಂಡು ಟೇಪ್ ಹಚ್ಚೋದು ಒಳಗಿನಿಂದಲೇ.