ಬೇಲಿಯಿಲ್ಲದ ಹೊಲಗಳ ಊರು : ಲ್ಯಾಕ್ಸ್‌ಟನ್



ನಮ್ಮ ಹಳ್ಳಿಗಳಲ್ಲಿ ಹಿರಿಯರು ಈಗಲೂ ದೂರವನ್ನು ಫರ್ಲಾಂಗುಗಳಲ್ಲಿ ಹೇಳುತ್ತಾರೆ. ಹೊಲದ ಅಳತೆಯನ್ನಂತೂ ನಾವೆಲ್ಲರೂ ಎಕರೆ, ಗುಂಟೆಗಳಲ್ಲೇ ಹೇಳುತ್ತೇವೆ. ಈ ಫರ್ಲಾಂಗು ಮತ್ತು ಎಕರೆ ಎಲ್ಲಿಂದ ಬಂದವು ಎಂದು ನೀವು ಎಂದಾದರೂ ಯೋಚಿಸಿದ್ದೀರಾ?

ಫರ್ಲಾಂಗು ಎಂದರೆ ಹಳೆಯ ಇಂಗ್ಲಿಷಿನಲ್ಲಿ 'ನೇಗಿಲ ಸಾಲಿನ ಉದ್ದ' ಎಂದೇ ಅರ್ಥ. ಎತ್ತುಗಳು ಒಂದೇ ಸಮನೆ ಎಳೆದು, ತಿರುಗುವ ಮುನ್ನ ದಣಿವಾರಿಸಿಕೊಳ್ಳುವ ಉದ್ದವೇ ಈ ಸಾಲು. ಅದು ಕ್ರಮೇಣ 220 ಗಜವೆಂದು ನಿಗದಿಯಾಯಿತು. ಇಷ್ಟು ಉದ್ದ, 22 ಗಜ ಅಗಲದ ಹೊಲವೇ ಒಂದು ಎಕರೆ, ಅಂದರೆ 4,840 ಚದರ ಗಜ. ಒಂದು ಹೂಟೆ ಎತ್ತುಗಳು ಒಂದು ದಿನದಲ್ಲಿ ಉಳಬಲ್ಲ ಭೂಮಿ ಇದೆಂದು ಎಣಿಸಲಾಗುತ್ತಿತ್ತು. ನಮ್ಮ ಗುಂಟೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 121 ಚದರ ಗಜ. ಅಂಥ 40 ಗುಂಟೆ ಸೇರಿದರೆ ಸರಿಯಾಗಿ ಒಂದು ಎಕರೆಯಾಗುತ್ತದೆ.

ಎಕರೆ, ಫರ್ಲಾಂಗುಗಳು ಹುಟ್ಟಿದ ಬೇಸಾಯ ಪದ್ಧತಿ ಇಂಗ್ಲೆಂಡಿನಲ್ಲಿ ಬಹುತೇಕ ಕಣ್ಮರೆಯಾಗಿದೆ. ಆದರೆ ಒಂದು ಸಣ್ಣ ಹಳ್ಳಿಯಲ್ಲಿ ಅದು ಇಂದಿಗೂ ನಡೆಯುತ್ತಿದೆ. ಆ ಹಳ್ಳಿಯೇ ಲ್ಯಾಕ್ಸ್‌ಟನ್. ಅಲ್ಲಿ ಒಬ್ಬರ ಹೊಲಕ್ಕೂ ಮತ್ತೊಬ್ಬರ ಹೊಲಕ್ಕೂ ನಡುವೆ ಬೇಲಿಯಿಲ್ಲ. ಆದರೂ ಒಂಬೈನೂರು ವರ್ಷಗಳಿಗೂ ಹೆಚ್ಚು ಹಳೆಯದಾದ ಆ ಊರಿನಲ್ಲಿ ಬೇಸಾಯ ಹೇಗೆ ಸಾಗಿಬಂದಿದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಊರು ಮತ್ತು ಮಣ್ಣು

ಲ್ಯಾಕ್ಸ್‌ಟನ್ ಇರುವುದು ಇಂಗ್ಲೆಂಡಿನ ನಡುಭಾಗದ ನಾಟಿಂಗ್‌ಹ್ಯಾಮ್‌ಷೈರ್ ಜಿಲ್ಲೆಯಲ್ಲಿ. 1086ರಲ್ಲಿ ಇಂಗ್ಲೆಂಡಿನ ದೊರೆ ಮಾಡಿಸಿದ ಭೂಮಿಯ ಲೆಕ್ಕದಲ್ಲಿಯೇ ಈ ಊರಿನ ಹೆಸರಿದೆ. ಊರಿನ ಉತ್ತರಕ್ಕೆ ಹಳೆಯ ಕೋಟೆಯ ಮಣ್ಣಿನ ದಿಬ್ಬವಿದೆ, ನಡುವೆ ಕಲ್ಲಿನ ಚರ್ಚು ಇದೆ. ರೈತರ ಮನೆಗಳು ಹೊಲಗಳಲ್ಲಿ ಚದುರಿಲ್ಲ. ನಮ್ಮ ಹಳ್ಳಿಗಳಂತೆಯೇ ಬೀದಿಯುದ್ದಕ್ಕೂ ಒತ್ತಾಗಿ ನಿಂತಿವೆ. ಪ್ರತಿ ಮನೆಯ ಹಿಂದೆ ಉದ್ದನೆಯ ಹಿತ್ತಲಿದೆ. ಹಿತ್ತಲುಗಳನ್ನು ದಾಟಿದರೆ ಬಯಲು ಹೊಲಗಳು.

ಅಲ್ಲಿನ ಮಣ್ಣು ಕೆಂಪು ಛಾಯೆಯ ಜಿಗುಟು ಜೇಡಿ. ಒದ್ದೆಯಾದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಉಳುಮೆಗೆ ಹದ ಸಿಗುವುದು ಕೆಲವೇ ದಿನಗಳು. ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರು, ಅಂದರೆ ನಮ್ಮ ಬಯಲುಸೀಮೆಯ ಹಲವು ತಾಲ್ಲೂಕುಗಳಲ್ಲಿ ಬೀಳುವಷ್ಟೇ. ಆದರೆ ಆ ಮಳೆ ಹನ್ನೆರಡು ತಿಂಗಳಲ್ಲೂ ಹಂಚಿ ಬೀಳುತ್ತದೆ, ಬಿಸಿಲೂ ಕಡಿಮೆ. ಆದುದರಿಂದ ಅಲ್ಲಿನ ರೈತನ ಚಿಂತೆ ತೇವ ಉಳಿಸುವುದಲ್ಲ, ಹೆಚ್ಚಾದ ನೀರನ್ನು ಬಸಿದು ಹಾಕುವುದು. ಇಂಥ ಜೇಡಿ ಭೂಮಿಯಲ್ಲಿ ಹಿಂದಿನವರು ಪಟ್ಟಿಯ ನಡುವಿಗೆ ಮಣ್ಣು ಮಗುಚಿಕೊಳ್ಳುವಂತೆ ಉತ್ತು ಏರುಗಳನ್ನು ಮಾಡುತ್ತಿದ್ದರು. ಎರಡು ಏರುಗಳ ನಡುವಿನ ತಗ್ಗು ಬಸಿಗಾಲುವೆಯಾಗುತ್ತಿತ್ತು.

ಮೂರು ಬಯಲು, ಮೂರು ವರ್ಷದ ಸರದಿ

ಲ್ಯಾಕ್ಸ್‌ಟನ್ನಿನಲ್ಲಿ ಈಗ ಮೂರು ದೊಡ್ಡ ಬಯಲುಗಳಿವೆ. ಅವುಗಳ ಹೆಸರು ಪಡುವಣ ಬಯಲು, ತೆಂಕಣ ಬಯಲು ಮತ್ತು ಗಿರಣಿ ಬಯಲು. ಪ್ರತಿಯೊಂದು ಬಯಲೂ ಪಟ್ಟಿಗಳಾಗಿ ವಿಂಗಡವಾಗಿದ್ದು, ಒಬ್ಬೊಬ್ಬ ರೈತನಿಗೂ ಮೂರೂ ಬಯಲುಗಳಲ್ಲಿ ಪಟ್ಟಿಗಳಿವೆ. ಬೆಳೆಯ ಸರದಿ ಹೀಗಿದೆ:

1. ಮೊದಲನೆಯ ವರ್ಷ ಚಳಿಗಾಲದ ಗೋಧಿ. ಅಕ್ಟೋಬರಿನ ವೇಳೆಗೆ ಬಿತ್ತಿ ಮರುವರ್ಷ ಆಗಸ್ಟಿನಲ್ಲಿ ಕೊಯ್ಯುತ್ತಾರೆ.

2. ಎರಡನೆಯ ವರ್ಷ ವಸಂತದಲ್ಲಿ ಬಿತ್ತುವ ಬೆಳೆ. ಬಾರ್ಲಿ, ಓಟ್ಸ್, ಬಟಾಣಿ ಅಥವಾ ಅವರೆ ಜಾತಿಯ ಕಾಳು.

3. ಮೂರನೆಯ ವರ್ಷ ಬೀಳು. ಇತ್ತೀಚಿನ ದಶಕಗಳಲ್ಲಿ ಬೀಳಿನ ಬದಲು ಮೇವಿನ ಬೆಳೆ ಹಾಕಲು ಅವಕಾಶ ಮಾಡಿಕೊಳ್ಳಲಾಗಿದೆ.

ಯಾವುದೇ ವರ್ಷ ನೋಡಿದರೂ ಒಂದು ಬಯಲಿನಲ್ಲಿ ಗೋಧಿ, ಇನ್ನೊಂದರಲ್ಲಿ ವಸಂತದ ಬೆಳೆ ಇದ್ದು, ಮೂರನೆಯದು ಬೀಳಾಗಿರುತ್ತದೆ. ಇಡೀ ಬಯಲಿಗೆ ಒಂದೇ ಸರದಿ ಇರುವುದರಿಂದ ಯಾರೊಬ್ಬರೂ ಮನಸ್ಸು ಬಂದಂತೆ ಬಿತ್ತುವಂತಿಲ್ಲ.

ಉಳಲಾಗದ ತಗ್ಗು ಜಾಗಗಳನ್ನು ಹುಲ್ಲಿಗೆ ಬಿಡಲಾಗಿದೆ. ಇವಕ್ಕೆ ಅಲ್ಲಿನವರು 'ಸೈಕ್' ಎನ್ನುತ್ತಾರೆ. ಬೇಸಿಗೆಯಲ್ಲಿ ಈ ಹುಲ್ಲಿನ ಹರಾಜು ನಡೆಯುತ್ತದೆ. ಹಲವು ತಲೆಮಾರುಗಳಿಂದ ನೇಗಿಲು ತಾಕದ ಈ ಹುಲ್ಲುಗಾವಲುಗಳಲ್ಲಿ ಬೇರೆಡೆ ಅಪರೂಪವಾಗಿರುವ ಕಾಡು ಹೂಗಿಡಗಳು ಉಳಿದಿವೆ. ಸರ್ಕಾರ ಇವನ್ನು ಸಂರಕ್ಷಿತ ತಾಣವೆಂದು ಗುರುತಿಸಿದೆ.

ತುಂಡು ಪಟ್ಟಿಗಳೇಕೆ?

ಒಬ್ಬನ ಭೂಮಿಯೆಲ್ಲ ಒಂದೇ ಕಡೆ ಇದ್ದರೆ ಅನುಕೂಲವಲ್ಲವೇ ಎಂದು ನೀವು ಕೇಳಬಹುದು. ಅನುಕೂಲವೇನೋ ಹೌದು. ಆದರೆ ಒಂದೇ ಊರಿನಲ್ಲಿ ಏರು ಭೂಮಿ, ತಗ್ಗು ಭೂಮಿ, ನೀರು ನಿಲ್ಲುವ ಭೂಮಿ ಎಲ್ಲವೂ ಇರುತ್ತವೆ. ಪಟ್ಟಿಗಳು ಚದುರಿದ್ದರೆ ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎಲ್ಲರ ಪಾಲಿಗೂ ಬರುತ್ತದೆ. ಅತಿಮಳೆಯಲ್ಲಿ ತಗ್ಗಿನ ಬೆಳೆ ಹೋದರೂ ಏರಿನ ಬೆಳೆ ಕೈಗೆ ಸಿಗುತ್ತದೆ. ಬಿತ್ತಿದ ಒಂದು ಕಾಳಿಗೆ ಸುಮಾರು ನಾಲ್ಕು ಕಾಳು ಬರುತ್ತಿದ್ದ ಕಾಲವದು. ಅದರಲ್ಲಿ ಒಂದು ಪಾಲನ್ನು ಮತ್ತೆ ಬೀಜಕ್ಕೇ ಎತ್ತಿಡಬೇಕಾಗಿತ್ತು. ಅಂಥ ಸ್ಥಿತಿಯಲ್ಲಿ ಇಡೀ ಬೆಳೆ ಒಮ್ಮೆಗೇ ಹೋಗದಂತೆ ನೋಡಿಕೊಳ್ಳುವುದೇ ಮುಖ್ಯವಾಗಿತ್ತು. ಇಂದು ಆ ದೇಶದ ಸರಾಸರಿ ಗೋಧಿ ಇಳುವರಿ ಹೆಕ್ಟೇರಿಗೆ ಸುಮಾರು ಎಂಟು ಟನ್, ಅಂದರೆ ಎಕರೆಗೆ ಮೂವತ್ತು ಕ್ವಿಂಟಾಲಿಗೂ ಮೇಲೆ.

ಬೀಳು ಬಿಡುವುದರ ಪ್ರಯೋಜನ

ಬೀಳು ಎಂದರೆ ಸುಮ್ಮನೆ ಪಾಳು ಬಿಡುವುದಲ್ಲ. ಬೇಸಿಗೆಯಲ್ಲಿ ಹಲವು ಬಾರಿ ಉತ್ತು, ಮೊಳೆತ ಕಳೆಗಳನ್ನು ಬೇರುಸಹಿತ ಒಣಗಿಸಲಾಗುತ್ತಿತ್ತು. ನಾವು ಮಾಗಿ ಉಳುಮೆಯಿಂದ ಪಡೆಯುವ ಪ್ರಯೋಜನ ಇದಕ್ಕೆ ಹತ್ತಿರದ್ದು. ಮಣ್ಣಿನ ಸಾವಯವ ಅಂಶ ಕೊಳೆತು ಸಾರಜನಕ ಬಿಡುಗಡೆಯಾಗಿ ಮುಂದಿನ ಗೋಧಿಗೆ ಒದಗುತ್ತಿತ್ತು. ಜೊತೆಗೆ ಊರಿನ ಕುರಿಮಂದೆ ಬೀಳಿನಲ್ಲಿ ಮೇದು ಗೊಬ್ಬರ ಕೊಡುತ್ತಿತ್ತು.

ಇದಕ್ಕೆ ಪ್ರಯೋಗದ ಆಧಾರವೂ ಇದೆ. ಅದೇ ದೇಶದ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ 1843ರಿಂದ ಒಂದೇ ಹೊಲದಲ್ಲಿ ವರ್ಷ ವರ್ಷವೂ ಗೋಧಿ ಬೆಳೆಯುವ ಪ್ರಯೋಗ ನಡೆದಿದೆ. ಗೊಬ್ಬರವನ್ನೇ ಕಾಣದ ತಾಕಿನಲ್ಲಿ ಇಳುವರಿ ಹೆಕ್ಟೇರಿಗೆ ಸುಮಾರು ಒಂದು ಟನ್ನಿನ ಮಟ್ಟದಲ್ಲೇ ನಿಂತಿತು. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಕಳೆ ಕೀಳಲು ಆಳು ಸಿಗದೆ ಹೊಲ ಕಳೆಯಿಂದ ತುಂಬಿಹೋಯಿತು. ಕೊನೆಗೆ 1920ರ ದಶಕದ ನಡುವಿನಲ್ಲಿ ಆ ಹೊಲವನ್ನು ಐದು ಭಾಗ ಮಾಡಿ, ಸರದಿಯಂತೆ ಒಂದೊಂದು ಭಾಗವನ್ನು ಬೀಳು ಬಿಟ್ಟೇ ಕಳೆಯನ್ನು ಹತೋಟಿಗೆ ತರಬೇಕಾಯಿತು. ವಿಜ್ಞಾನಿಗಳು ಕಡೆಗೆ ಹಿಡಿದ ದಾರಿಯೂ ಹಳೆಯ ರೈತರದೇ ಎಂಬುದನ್ನು ಗಮನಿಸಿರಿ.

ಹನ್ನೆರಡು ಮಂದಿ ಪಂಚರು

ಬೇಲಿಯಿಲ್ಲದ ಹೊಲಗಳಲ್ಲಿ ಪ್ರತಿ ಉಳುಮೆಗೂ ಒಂದೊಂದು ಸಾಲು ಪಕ್ಕದವನ ಪಟ್ಟಿಗೆ ಸರಿಯುವುದು ಸುಲಭ. ಬದು ಒತ್ತುವುದು ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಗೇಣು ಭೂಮಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಲ್ಯಾಕ್ಸ್‌ಟನ್ನಿನವರು ಇದಕ್ಕೆ ಕಂಡುಕೊಂಡ ಉಪಾಯ ಹೀಗಿದೆ.

ಊರಿನಲ್ಲಿ ಒಂದು ಸಭೆ ಇದೆ. ಅದಕ್ಕೆ ನ್ಯಾಯಾಲಯದ ಅಧಿಕಾರವಿದೆ. ಪ್ರತಿ ವರ್ಷ ರೈತರ ಪೈಕಿಯೇ ಹನ್ನೆರಡು ಮಂದಿ ಪಂಚರು ನೇಮಕವಾಗುತ್ತಾರೆ, ಅವರಿಗೊಬ್ಬ ಮುಖಂಡನಿರುತ್ತಾನೆ. ನವೆಂಬರ್ ಕೊನೆಯ ವಾರ ಪಂಚರು ಹೊಸದಾಗಿ ಗೋಧಿ ಬಿತ್ತಿದ ಬಯಲಿಗೆ ಹೋಗುತ್ತಾರೆ. ಪಟ್ಟಿಗಳ ಗಡಿ ನೋಡಿ ಗೂಟ ಬಡಿಯುತ್ತಾರೆ. ಯಾರಾದರೂ ಪಕ್ಕದ ಪಟ್ಟಿಯನ್ನೋ, ಬಂಡಿದಾರಿಯನ್ನೋ, ಊರೊಟ್ಟಿನ ಹುಲ್ಲುಜಾಗವನ್ನೋ ಉತ್ತು ಸೇರಿಸಿಕೊಂಡಿದ್ದರೆ ಬರೆದುಕೊಳ್ಳುತ್ತಾರೆ. ವಾರದ ನಂತರ ಊರಿನ ಪಾನಗೃಹದಲ್ಲಿ ಸಭೆ ಸೇರುತ್ತದೆ. ಪಂಚರ ವರದಿಯನ್ನು ಎಲ್ಲರೆದುರು ಒಪ್ಪಿಸಲಾಗುತ್ತದೆ. ತಪ್ಪಿತಸ್ಥರಿಗೆ ಸಣ್ಣ ದಂಡ ಬೀಳುತ್ತದೆ. ಅಂದೇ ಮುಂದಿನ ವರ್ಷದ ಪಂಚರು ಪ್ರಮಾಣ ಮಾಡುತ್ತಾರೆ. ಹಿಂದೆ ಮೇಯಲು ನುಗ್ಗಿದ ದನಗಳನ್ನು ದೊಡ್ಡಿಗೆ ಹಾಕುವವನನ್ನೂ ಈ ಸಭೆಯೇ ನೇಮಿಸುತ್ತಿತ್ತು.

ಈ ವ್ಯವಸ್ಥೆಯಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಒಂದು, ತಪಾಸಣೆ ನಡೆಯುವುದು ದೂರು ಬಂದ ಮೇಲಲ್ಲ. ದೂರಿರಲಿ, ಇಲ್ಲದಿರಲಿ, ಪ್ರತಿ ವರ್ಷವೂ ನಡೆಯುತ್ತದೆ. ಎರಡು, ನೋಡುವವರು ಹೊರಗಿನ ಅಧಿಕಾರಿಗಳಲ್ಲ, ಅದೇ ಮಣ್ಣನ್ನು ಉಳುವವರು. ಈ ವರ್ಷ ತಪಾಸಣೆ ಮಾಡುವವನ ಪಟ್ಟಿಯನ್ನು ಮುಂದೆ ಮತ್ತೊಬ್ಬರು ನೋಡುತ್ತಾರೆ. ಮೂರು, ದಂಡ ಚಿಕ್ಕದು, ತೀರ್ಮಾನ ಬೇಗ. ಒಂದೇ ಸಾಲಿನಷ್ಟು ತಪ್ಪು ಅದೇ ವರ್ಷ ಸರಿಯಾಗುತ್ತದೆ. ಹತ್ತು ವರ್ಷ ಬೆಳೆದು ಹಗೆಯಾಗುವುದಿಲ್ಲ.

ಇದರ ಜೊತೆಗೆ ದಾಖಲೆಯೂ ಇದೆ. 1635ರಲ್ಲಿ ಆಗಿನ ಭೂಮಾಲೀಕ ಸರ್ ವಿಲಿಯಂ ಕೋರ್ಟೆನ್ ಎಂಬಾತನಿಗಾಗಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಇಡೀ ಊರನ್ನು ಅಳೆದು ನಕ್ಷೆ ಬರೆದ. ಒಂದೊಂದು ಪಟ್ಟಿಯೂ ಅದರಲ್ಲಿದೆ. ಉಳುವವರ, ಕೊಯ್ಯುವವರ ಪುಟ್ಟ ಚಿತ್ರಗಳೂ ಇವೆ. ಅದು ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಉಳಿದ ಊರುಗಳಲ್ಲಿ ಏನಾಯಿತು?

ಒಂದು ಕಾಲದಲ್ಲಿ ಮಧ್ಯ ಇಂಗ್ಲೆಂಡಿನ ಬಹುಪಾಲು ಹಳ್ಳಿಗಳು ಹೀಗೆಯೇ ಇದ್ದವು. ಕ್ರಮೇಣ ಪಟ್ಟಿಗಳನ್ನು ಒಗ್ಗೂಡಿಸಿ, ಬೇಲಿ ಹಾಕಿ, ಒಬ್ಬೊಬ್ಬರಿಗೆ ಪ್ರತ್ಯೇಕ ಹೊಲ ಕೊಡುವ ಕ್ರಮ ಹಬ್ಬಿತು. 1604ರಿಂದ 1914ರವರೆಗೆ ಅಲ್ಲಿನ ಪಾರ್ಲಿಮೆಂಟು ಇಂಥ 5,200ಕ್ಕೂ ಹೆಚ್ಚು ಕಾಯಿದೆಗಳನ್ನು ಮಾಡಿತು. ಇವುಗಳ ವ್ಯಾಪ್ತಿಗೆ ಬಂದ ಭೂಮಿ ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ಐದನೆಯ ಒಂದು ಭಾಗ.

ಇದರಿಂದ ಲಾಭವಾಗಲಿಲ್ಲವೆಂದು ಹೇಳುವಂತಿಲ್ಲ. ಸ್ವಂತ ಹೊಲದಲ್ಲಿ ರೈತ ಬಸಿಗಾಲುವೆ ತೋಡಬಹುದಾಗಿತ್ತು, ಬೀಳಿನ ಬದಲು ಟರ್ನಿಪ್ ಗೆಡ್ಡೆ, ಕ್ಲೋವರ್ ಎಂಬ ದ್ವಿದಳ ಮೇವು ಬೆಳೆಯಬಹುದಾಗಿತ್ತು, ರಾಸುಗಳ ತಳಿ ಸುಧಾರಿಸಬಹುದಾಗಿತ್ತು. ಆದರೆ ಎರಡು ಮೂರು ಪಟ್ಟಿ ಮಾತ್ರ ಇದ್ದ ಸಣ್ಣ ರೈತನ ಪಾಡು ಬೇರೆಯಾಯಿತು. ಬೇಲಿಯ ಖರ್ಚನ್ನು ಅವನೂ ಹೊರಬೇಕಾಯಿತು. ಹಸು ಮೇಯುತ್ತಿದ್ದ, ಸೌದೆ ಆಯುತ್ತಿದ್ದ ಊರೊಟ್ಟಿನ ಜಾಗ ಕೈತಪ್ಪಿತು. ಹಲವರು ಸಿಕ್ಕ ತುಂಡನ್ನು ಮಾರಿ ಕೂಲಿಗೆ ನಿಂತರು, ಇಲ್ಲವೇ ಪಟ್ಟಣ ಸೇರಿದರು. ಇಳುವರಿ ಹೆಚ್ಚಿತು, ರೈತರ ಸಂಖ್ಯೆ ಇಳಿಯಿತು.

ಲ್ಯಾಕ್ಸ್‌ಟನ್ ಏಕೆ ಉಳಿಯಿತು?

ಮೊದಲಿಗೆ ಇದೊಂದು ಆಕಸ್ಮಿಕ. ಊರಿನ ಭೂಮಿ ಮ್ಯಾನ್ವರ್ಸ್ ಮತ್ತು ಸ್ಕಾರ್‌ಬರೊ ಎಂಬ ಇಬ್ಬರು ದೊಡ್ಡ ಜಮೀನ್ದಾರರ ಮನೆತನಗಳ ನಡುವೆ ಹಂಚಿಹೋಗಿತ್ತು. ಬೇಲಿ ಹಾಕುವ ವಿಷಯದಲ್ಲಿ ಅವರಲ್ಲಿ ಒಮ್ಮತ ಬರಲಿಲ್ಲ. ಆದರೂ ಒಂದಷ್ಟು ಭಾಗಕ್ಕೆ ಬೇಲಿ ಬಿದ್ದಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಪಟ್ಟಿಗಳನ್ನು ಸೇರಿಸಿ ಅಗಲ ಮಾಡಲಾಯಿತು. ಆದುದರಿಂದಲೇ ಇಂದು ಅಲ್ಲಿ ಟ್ರ್ಯಾಕ್ಟರ್, ಕಂಬೈನ್ ಕೊಯ್ಲುಯಂತ್ರ ಓಡಾಡಲು ಸಾಧ್ಯವಾಗಿದೆ.

ನಂತರ ಉಳಿದುಬಂದದ್ದು ತಿಳಿದು ಮಾಡಿದ ನಿರ್ಧಾರಗಳಿಂದ. 1952ರಲ್ಲಿ ಕೃಷಿ ಮಂತ್ರಾಲಯ ಮ್ಯಾನ್ವರ್ಸ್ ಮನೆತನದಿಂದ ಈ ಭೂಮಿಯನ್ನು ಕೊಂಡಿತು. 1977ರಲ್ಲಿ ಒಂದು ಕಾಯಿದೆ ಇಂಥ ಹಳೆಯ ಗ್ರಾಮ ನ್ಯಾಯಸಭೆಗಳ ಅಧಿಕಾರವನ್ನು ತೆಗೆದುಹಾಕಿದಾಗ ಲ್ಯಾಕ್ಸ್‌ಟನ್ನಿಗೆ ವಿನಾಯಿತಿ ಕೊಡಲಾಯಿತು. 1981ರಲ್ಲಿ ಭೂಮಿ ಕ್ರೌನ್ ಎಸ್ಟೇಟ್ ಸಂಸ್ಥೆಗೆ ಹೋಯಿತು. 2020ರಲ್ಲಿ ಆ ಸಂಸ್ಥೆ ಅದನ್ನು ಮ್ಯಾನ್ವರ್ಸ್ ಮನೆತನಕ್ಕೇ ಸೇರಿದ್ದ ಥೋರ್ಸ್‌ಬಿ ಎಸ್ಟೇಟಿಗೆ ಮಾರಿತು. ಮಾಲೀಕರು ಇಷ್ಟು ಬಾರಿ ಬದಲಾದರೂ ಪಂಚರ ತಪಾಸಣೆ ನಡೆದುಬಂದಿದೆ.

ಕಷ್ಟಗಳೂ ಇವೆ. ಬಯಲು ಹೊಲಗಳಿಂದಲೇ ಸಂಸಾರ ನಡೆಯದು. ಅಲ್ಲಿನ ರೈತರು ಬೇಲಿಯಿರುವ ಬೇರೆ ಹೊಲಗಳನ್ನೂ ಸಾಗುವಳಿ ಮಾಡುತ್ತಾರೆ. ಬೇಸಾಯಗಾರರ ಸಂಖ್ಯೆ ಮೊದಲಿಗಿಂತ ಕಡಿಮೆಯಾಗಿದೆ. ಪಂಚರಾಗಲು ಊರಿನಲ್ಲಿ ಉಳುವವರೇ ಇರಬೇಕಲ್ಲವೇ? ಆ ಸಂಖ್ಯೆ ಇನ್ನೂ ಇಳಿದರೆ ಯಾವ ಕಾಯಿದೆಯೂ ಈ ಪದ್ಧತಿಯನ್ನು ಉಳಿಸಲಾರದು.

ನಾವು ಗಮನಿಸಬೇಕಾದುದು

ಮೂರು ವರ್ಷಕ್ಕೊಮ್ಮೆ ಬೀಳು ಬಿಡಿ ಎಂದಾಗಲೀ ಬೇಲಿ ಕಿತ್ತುಹಾಕಿ ಎಂದಾಗಲೀ ನಾನು ಹೇಳುತ್ತಿಲ್ಲ. ಅವರ ಮಣ್ಣು, ಹವೆ, ಹಿಡುವಳಿ ಬೇರೆ, ನಮ್ಮದು ಬೇರೆ. ಆದರೆ ಅವರ ಕ್ರಮದಲ್ಲಿ ಖರ್ಚಿಲ್ಲದೆ ಪಾಲಿಸಬಹುದಾದ ಕೆಲವು ಅಂಶಗಳಿವೆ:

1. ಗಡಿಯನ್ನು ಜಗಳವಾದ ಮೇಲಲ್ಲ, ಪ್ರತಿ ಬಿತ್ತನೆಯ ಹಂಗಾಮಿನಲ್ಲಿ ಅಕ್ಕಪಕ್ಕದವರು ಕೂಡಿಯೇ ನೋಡಿಕೊಳ್ಳುವುದು. ಸಂಶಯವಿದ್ದಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ ಕಲ್ಲು ನೆಡಿಸಿಕೊಳ್ಳುವುದು.

2. ಬಂಡಿದಾರಿ ಮತ್ತು ಹಳ್ಳದ ಅಂಚನ್ನು ಉಳದೆ ಹುಲ್ಲಿಗೆ ಬಿಡುವುದು. ಮೇವೂ ಸಿಗುತ್ತದೆ, ಮಣ್ಣೂ ಕೊಚ್ಚಿಹೋಗದು.

3. ಕೊಯ್ಲಾದ ಹೊಲದಲ್ಲಿ ದನ, ಕುರಿ ಬಿಡುವ ದಿನವನ್ನು ಊರವರು ಸೇರಿ ಗೊತ್ತುಮಾಡುವುದು.

4. ತಪ್ಪು ಚಿಕ್ಕದಿರುವಾಗಲೇ ಊರಿನಲ್ಲಿ ತೀರ್ಮಾನಿಸಿಕೊಳ್ಳುವುದು.

ಈ ವರ್ಷವೂ ನವೆಂಬರ್ ಕೊನೆಯಲ್ಲಿ ಲ್ಯಾಕ್ಸ್‌ಟನ್ನಿನ ರೈತರು ಗೂಟಗಳನ್ನು ಹಿಡಿದು ಗೋಧಿ ಬಯಲಿಗೆ ಇಳಿಯುತ್ತಾರೆ. ನಮ್ಮಲ್ಲಿ ಆ ವೇಳೆಗೆ ಹಿಂಗಾರಿ ಬಿತ್ತನೆ ಮುಗಿದಿರುತ್ತದೆ. ನೀವೂ ಒಂದು ಬೆಳಿಗ್ಗೆ ನೆರೆಹೊಲದವರನ್ನು ಕರೆದುಕೊಂಡು ನಿಮ್ಮ ಬದುವಿನ ಮೇಲೆ ಒಂದು ಸುತ್ತು ನಡೆದು ಬನ್ನಿರಿ.