ಪಾವು, ಚಟಾಕು ಹಿಡಿದು ಘಾತಾಂಕ ಕಲಿಸಿ

ದಂಡಿನಶಿವರದ ಸುತ್ತಿನ ಹಳೆಯ ಮನೆಗಳಲ್ಲಿ ಸೇರು, ಅಚ್ಚೇರು, ಪಾವು, ಚಟಾಕಿನ ಅಳತೆಗಳು ಹುಡುಕಿದರೆ ಇನ್ನೂ ಸಿಕ್ಕಾವು. ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಋಣ ಘಾತಾಂಕ ಕಲಿಸಲು ಇವುಗಳಿಗಿಂತ ಒಳ್ಳೆಯ ಪಾಠೋಪಕರಣ ನನಗೆ ಸಿಕ್ಕಿಲ್ಲ. ನಿಯಮದ ಪಟ್ಟಿಯನ್ನು ಬಾಯಿಪಾಠ ಮಾಡಿದ ಮಗು 2^-3 ಎಂದರೆ -8 ಎಂದೋ -6 ಎಂದೋ ಬರೆಯುತ್ತದೆ. ಅಳತೆಗಳನ್ನು ಕೈಯಲ್ಲಿ ಹಿಡಿದ ಮಗು ಹಾಗೆ ಬರೆಯುವುದಿಲ್ಲ. (ಇಲ್ಲಿ ^ ಗುರುತಿನ ನಂತರ ಇರುವುದು ಘಾತಾಂಕ.)

ಮೆಟ್ಟಿಲು ಇಳಿಸುತ್ತಾ ಹೋಗಿ

ಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ: 2^3 = 8, 2^2 = 4, 2^1 = 2. ಮೆಟ್ಟಿಲು ಇಳಿದಂತೆ ಘಾತಾಂಕ ಒಂದು ಕಡಿಮೆಯಾಗುತ್ತದೆ, ಬೆಲೆ ಅರ್ಧವಾಗುತ್ತದೆ. ಮುಂದಿನದನ್ನು ನೀವು ಹೇಳಬೇಡಿ, ಮಗುವನ್ನೇ ಕೇಳಿ. ಎರಡರ ಅರ್ಧ ಒಂದು, ಹಾಗಾಗಿ 2^0 = 1. "ಸೊನ್ನೆ ಬರಬೇಕಲ್ವಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅರ್ಧ ಮಾಡುತ್ತಾ ಹೋದರೆ ಸೊನ್ನೆ ಎಂದಾದರೂ ಸಿಗುತ್ತದೆಯೇ ಎಂದು ಅಕ್ಕಿ ಅಳೆದು ನೋಡಲಿ.

ಈಗ ಆ 1ನ್ನು ಒಂದು ಸೇರು ಎಂದುಕೊಂಡು ಇನ್ನೂ ಇಳಿಯಿರಿ. 2^-1 ಅಚ್ಚೇರು, 2^-2 ಪಾವು, 2^-3 ಅರೆಪಾವು, 2^-4 ಚಟಾಕು. ಋಣ ಚಿಹ್ನೆ ಬೆಲೆಯನ್ನು ಸೊನ್ನೆಯಿಂದ ಕೆಳಕ್ಕೆ ತಳ್ಳಲಿಲ್ಲ, ಒಂದರಿಂದ ಕೆಳಕ್ಕೆ ಇಳಿಸಿತು. ಚಟಾಕೂ ಅಕ್ಕಿಯೇ, ಸಾಲವಲ್ಲ.

ಇನ್ನೊಂದು ನಿಧಿ ನಮ್ಮ ಮಾತಿನಲ್ಲೇ ಇದೆ. ಹಿಂದಿನವರು ಅರೆ, ಕಾಲು, ಅರೆಕಾಲು, ವೀಸ ಎಂದು ಲೆಕ್ಕ ಹಾಕುತ್ತಿದ್ದರು. ಅರೆಕಾಲು ಎಂದರೆ ಕಾಲಿನ ಅರೆ, ಅಂದರೆ ಎಂಟನೆಯ ಒಂದು ಭಾಗ. ಅದನ್ನೇ ಘಾತಾಂಕದಲ್ಲಿ ಬರೆದರೆ 2^-1 × 2^-2 = 2^-3. ಗುಣಿಸುವಾಗ ಘಾತಾಂಕಗಳನ್ನು ಕೂಡಿಸಬೇಕೆಂಬ ನಿಯಮ ಒಂದೇ ಪದದೊಳಗೆ ಕೂತಿದೆ! ವೀಸ ಹದಿನಾರನೆಯ ಒಂದು ಭಾಗ. ಅದನ್ನು 2^-4, 4^-2, 16^-1 ಎಂದು ಮೂರು ಬಗೆಯಲ್ಲಿ ಬರೆಸಿ, ಮೂರೂ ಒಂದೇ ಏಕೆ ಎಂದು ಮಕ್ಕಳಿಂದಲೇ ಹೇಳಿಸಿ. ಇದು ಗಟ್ಟಿಯಾದ ಮೇಲೆ ಆಧಾರ ಸಂಖ್ಯೆ 10ಕ್ಕೆ ಬನ್ನಿ: ಒಂದು ಗ್ರಾಂ ಎಂದರೆ 10^-3 ಕಿಲೋ.

ತೋಟದ ಸಾಲು, ನೀರಿನ ತೊಟ್ಟಿ

ಭಿನ್ನರಾಶಿ ಘಾತಾಂಕವನ್ನು ವ್ಯಾಖ್ಯೆಯಿಂದ ಶುರು ಮಾಡದೆ ಪ್ರಶ್ನೆಯಿಂದ ಶುರು ಮಾಡಿ. 64^(1/2) ಅನ್ನು ಅದರಿಂದಲೇ ಗುಣಿಸಿದರೆ ಏನಾಗುತ್ತದೆ? ಅರ್ಧಕ್ಕೆ ಅರ್ಧ ಕೂಡಿ ಘಾತಾಂಕ 1 ಆಗುತ್ತದೆ, ಉತ್ತರ 64. ತನ್ನಿಂದ ತಾನೇ ಗುಣಿಸಿಕೊಂಡು 64 ಆಗುವ ಧನ ಸಂಖ್ಯೆ 8. ಚೌಕವಾಗಿ ನೆಟ್ಟ ತೋಟದಲ್ಲಿ 64 ತೆಂಗಿನಮರ ಇದ್ದರೆ ಸಾಲಿಗೆ 8 ಮರ. ತರಗತಿಯಲ್ಲಾದರೆ 64 ಹುಣಸೆಬೀಜ ಕೊಟ್ಟು ಚೌಕ ಜೋಡಿಸಲು ಹೇಳಿ. ಅರ್ಧ ಘಾತಾಂಕ ಎಂದರೆ ಅರ್ಧ ಮರಗಳು, 32, ಎಂಬ ತಪ್ಪು ಅಲ್ಲೇ ಕಳಚಿಕೊಳ್ಳುತ್ತದೆ.

ಒಂದು ಎಚ್ಚರಿಕೆ: ಮೊದಲ ಉದಾಹರಣೆಯಾಗಿ 4^(1/2) ಕೊಡಲೇಬೇಡಿ. ನಾಲ್ಕರ ವರ್ಗಮೂಲವೂ 2, ಅರ್ಧವೂ 2. ತಪ್ಪಾಗಿ ತಿಳಿದ ಮಗುವಿಗೂ ಉತ್ತರ ಸರಿ ಬಂದುಬಿಡುತ್ತದೆ.

ಮುಂದೆ ತೊಟ್ಟಿ. ಉದ್ದ, ಅಗಲ, ಆಳ ಸಮನಾಗಿರುವ 64 ಘನ ಅಡಿಯ ತೊಟ್ಟಿಯ ಆಳ 64^(1/3), ಅಂದರೆ 4 ಅಡಿ. ತಳದ ವಿಸ್ತೀರ್ಣ 4 × 4 = 16 ಚದರ ಅಡಿ. ಅದೇ 64^(2/3). ತಳಕ್ಕೂ ನಾಲ್ಕು ಗೋಡೆಗೂ ಒಳಗಡೆ ಗಿಲಾವು ಮಾಡಿಸಬೇಕೆಂದರೆ ಅದರ ಐದರಷ್ಟು, 80 ಚದರ ಅಡಿ. ಛೇದ ಮೂಲ ತೆಗೆಯುತ್ತದೆ, ಅಂಶ ಘಾತಕ್ಕೇರಿಸುತ್ತದೆ. ಮೊದಲು ಮೂಲ ತೆಗೆಯುವ ರೂಢಿ ಮಾಡಿಸಿ. ಮೊದಲೇ ವರ್ಗ ಮಾಡಿದರೆ 4096ರ ಘನಮೂಲ ಹುಡುಕುತ್ತಾ ಕೂರಬೇಕು.

ಜೆರಾಕ್ಸ್ ಅಂಗಡಿಯಲ್ಲಿ ಒಂದು ಪಾಠ

ಎ4 ಹಾಳೆಯ ಅಗಲ 210 ಮಿಲಿಮೀಟರ್, ಉದ್ದ 297. ಎರಡು ಎ4 ಹಾಳೆ ಸೇರಿದರೆ ಒಂದು ಎ3, ಅದರ ಉದ್ದ 420. 210ರಿಂದ 297ಕ್ಕೆ, 297ರಿಂದ 420ಕ್ಕೆ, ಹೀಗೆ ಎರಡು ಹೆಜ್ಜೆಯಲ್ಲಿ ದುಪ್ಪಟ್ಟಾಯಿತು, ಹೆಜ್ಜೆಗೆ 2^(1/2). ಅದಕ್ಕೇ ಎ4 ಪುಟವನ್ನು ಎ3ಗೆ ಹಿಗ್ಗಿಸಲು ಯಂತ್ರಕ್ಕೆ 141 ಶೇಕಡಾ ಎಂದು ಹೇಳುವುದು. ಕುಗ್ಗಿಸಲು ಸುಮಾರು 71 ಶೇಕಡಾ, ಅದು 2^(-1/2). ಋಣವೂ ಭಿನ್ನರಾಶಿಯೂ ಒಂದೇ ಘಾತಾಂಕದಲ್ಲಿ ಸೇರಿದಾಗ ಬೆದರುವ ಮಕ್ಕಳನ್ನು ಅಂಗಡಿಗೇ ಕರೆದೊಯ್ದು, ಸ್ಕೇಲಿನಿಂದ ಹಾಳೆ ಅಳೆಸಿ.

ಆಧಾರ ಸಂಖ್ಯೆ ಧನವಾಗಿರಲಿ ಎಂದು ಪುಸ್ತಕ ಷರತ್ತು ಹಾಕುವುದೇಕೆ ಎಂಬುದನ್ನು ದಾಟಿ ಹೋಗಬೇಡಿ. -8ರ ಘನಮೂಲ -2. ಆದರೆ 1/3 ಎಂಬುದನ್ನೇ 2/6 ಎಂದು ಬರೆದು, -8ನ್ನು ವರ್ಗ ಮಾಡಿ ಆರನೆಯ ಮೂಲ ತೆಗೆದರೆ +2 ಬರುತ್ತದೆ. ಒಂದೇ ಲೆಕ್ಕಕ್ಕೆ ಎರಡು ಉತ್ತರ! ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರಾಚಾರ್ಯರು 9ನೆಯ ಶತಮಾನದಲ್ಲೇ 'ಗಣಿತಸಾರಸಂಗ್ರಹ'ದಲ್ಲಿ ಹೇಳಿದ್ದರು. ನೃಪತುಂಗನ ಕಾಲದ ಈ ಮಾತನ್ನು ಕನ್ನಡದ ಮಕ್ಕಳು ತಮ್ಮದೆಂದು ತಿಳಿಯಬೇಕು.

ಅಭ್ಯಾಸ ಹೀಗಿರಲಿ

ದಿನಕ್ಕೆ ಐದೇ ಲೆಕ್ಕ ಸಾಕು, ಆದರೆ ಹತ್ತು ದಿನ ಬಿಡದೆ. ಪೆನ್ನು ಹಿಡಿಯುವ ಮೊದಲು ಉತ್ತರ ಒಂದಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ಬಾಯಲ್ಲಿ ಹೇಳಬೇಕು. ಋಣ ಘಾತಾಂಕ ಕಂಡರೆ ಮೊದಲು ವ್ಯುತ್ಕ್ರಮ, ಆಮೇಲೆ ಮೂಲ, ಕೊನೆಗೆ ಘಾತ. ಇವತ್ತಿಗೆ ಇವು: 81^(1/4), 125^(-1/3), 27^(2/3), 32^(-2/5), (4/9)^(-1/2).

ಉತ್ತರ ಕ್ರಮವಾಗಿ 3, 1/5, 9, 1/4, 3/2. ಕೊನೆಯದರಲ್ಲಿ ಘಾತಾಂಕ ಋಣವಾಗಿದ್ದರೂ ಉತ್ತರ ಒಂದಕ್ಕಿಂತ ದೊಡ್ಡದು. ಏಕೆಂದು ಮಗು ತಾನೇ ವಿವರಿಸುವವರೆಗೆ ಕಾಯಿರಿ.